ಡೆಲ್ಫಾ ಅವರ ಹೆಬ್ಬೆರಳು ಪಾಸು ಮಾಡಿದ ರಿವಾಲ್ವರ್

ಬೆಳಕು ಇನ್ನೂ ಗುಡ್ಡದ ಆಚೆಯೇ ಇದೆ. ಕಾಲ್ಡರ್ ಫೋರ್ಕ್ ಊರಿನ ಹಾರ್ಡ್‌ವೇರ್ ಅಂಗಡಿಯ ಮುಂಬಾಗಿಲಿನ ಬೀಗ ತೆಗೆದಿಲ್ಲ. ಹಿಂಬಾಗಿಲಿನಿಂದ ಒಳಬಂದ ಡೆಲ್ಫಾ ಕ್ರಿಟ್ಸರ್ ಮಾತ್ರ ಆಗಲೇ ತಮ್ಮ ಮರದ ಕುರ್ಚಿಯಲ್ಲಿ ಕೂತಾಗಿದೆ. ಕೋಳಿ ಮೇವಿನ ಮೂಟೆ, ಮೊಳೆ ಡಬ್ಬಗಳು, ರಬ್ಬರ್ ಬೂಟುಗಳ ಸಾಲು, ಇವನ್ನೆಲ್ಲ ದಾಟಿ ಹೋದರೆ ಸಿಗುವ ಮೂಲೆ ಅವರದು. ಹಸಿರು ಉಣ್ಣೆ ಬಟ್ಟೆ ಹಾಸಿದ ಮೇಜು, ಕತ್ತು ಬಗ್ಗಿಸಿದ ದೀಪ, ಎಣ್ಣೆ ಶೀಶೆ, ಕೂದಲು ಕೆದರಿದ ಹಳೆಯ ಹಲ್ಲುಜ್ಜುವ ಬ್ರಷ್ಷು. ಅಂಗಡಿಗೆ ಬರುವ ಹಳೇ ರಿವಾಲ್ವರುಗಳನ್ನೆಲ್ಲ ಬಿಚ್ಚಿ, ಒರೆಸಿ, ಕೈಯಾಡಿಸಿ ಇದನ್ನು ಮಾರಬಹುದು, ಇದು ಬೇಡ ಎಂದು ಹೇಳುವುದು ಅವರ ಕೆಲಸ. ಇವತ್ತು ಬಟ್ಟೆಯ ಮೇಲೆ ಏನೂ ಇಲ್ಲ. ಬರಬೇಕಾದದ್ದು ಇನ್ನೂ ಬಂದಿಲ್ಲ.

ಶನಿವಾರ ಸಂಜೆ ರೊವೀನಾ ಟ್ಯಾಕೆಟ್ ಫೋನ್ ಮಾಡಿದ್ದರು. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು, ಹಳೇ ಕಲ್ಲಿದ್ದಲ ಗಣಿಯ ಮಣ್ಣು ದಿಬ್ಬದ ಮುಂದೆ ಉಕ್ಕಿನ ತಟ್ಟೆಗಳನ್ನು ನೇತುಹಾಕಿ ಗುರಿ ಹೊಡೆಯುವ ಹೆಂಗಸರ ಗುಂಪಿನವರು. "ಡೆಲ್ಫಾ, ನೀ ಆರಿಸಿಕೊಟ್ಟ ರಿವಾಲ್ವರ್ ಕಚ್ಕೊಂಡು ಕೂತಿದೆ ಕಣೇ. ತಿರುಗೋದೇ ಇಲ್ಲ ಅಂತದೆ. ಗುಂಡೆಲ್ಲ ತೆಗೆದಿಟ್ಟಿದೀನಿ, ಗಾಬರಿಯಾಗ್ಬೇಡ. ಸೋಮವಾರ ಬೆಳಿಗ್ಗೆ ತರ್ತೀನಿ."

ಗಾಬರಿಯಾಗದೆ ಇರುವುದು ಹೇಗೆ? ರಿವಾಲ್ವರಿನಲ್ಲಿ ಗುಂಡು ತುಂಬುವ ಉರುಳೆ ತಿರುಗಿ, ಪ್ರತಿಸಲವೂ ನಳಿಗೆಗೆ ಸರಿಯಾಗಿ ಎದುರಾಗಿ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ನಿಂತವರ ಕಣ್ಣು ಹೋದರೂ ಹೋಯಿತು. ಹಾಗಾಗಿ ಈ ಮೂಲೆಯ ಕೆಲಸ ವಹಿಸಿಕೊಂಡ ದಿನವೇ ಡೆಲ್ಫಾ ಒಂದು ಮಾತು ಹೇಳಿದ್ದಾರೆ: "ನಾನು ಪಾಸು ಮಾಡಿದ್ದು ಕೆಟ್ಟು ವಾಪಸ್ ಬಂದ್ರೆ, ಆವತ್ತಿಗೆ ಈ ಕುರ್ಚಿ ನಂದಲ್ಲ." ಇಷ್ಟು ವರ್ಷ ಒಂದೂ ಬಂದಿರಲಿಲ್ಲ. ಆದರೆ ಹೋದ ಚಳಿಗಾಲದಿಂದ ಅವರ ಬಲಗೈ ಹೆಬ್ಬೆರಳು ಆಗಾಗ ಜೋಮು ಹಿಡಿಯುತ್ತದೆ. ಅದನ್ನು ಯಾರಿಗೂ ಹೇಳಿಲ್ಲ. ರೊವೀನಾ ಅವರ ಫೋನ್ ಬಂದ ಗಳಿಗೆಯಿಂದ ಆ ಬೆರಳನ್ನೇ ಉಜ್ಜಿಕೊಳ್ಳುತ್ತಿದ್ದಾರೆ.

ಅಂಗಡಿ ಮಾಲೀಕ ಹೋಬರ್ಟ್ ಕಾಫಿಯನ್ನೂ ಖಾರದ ಮಾಂಸ ತುಂಬಿದ ಪೆಪರೋನಿ ರೋಲುಗಳನ್ನೂ ಹಿಡಿದು ಬರುತ್ತಾನೆ. ಅವನಿಗೆ ನಲವತ್ತು ದಾಟಿದೆ. ಆದರೂ ಇವರ ಮುಂದೆ ಹೈಸ್ಕೂಲು ಹುಡುಗನ ಹಾಗೆ ನಿಲ್ಲುತ್ತಾನೆ.

"ಮಿಸ್ ಡೆಲ್ಫಾ, ತಿನ್ನಿ. ಹಳೇ ಮಾಲು ಅಂದ್ಮೇಲೆ ಒಂದೊಂದು ಹಿಂಗಾಗತ್ತೆ."

"ನಿನ್ನ ಟ್ರಕ್ಕೂ ಹಳೇ ಮಾಲೇ. ಬ್ರೇಕ್ ಹಿಡೀದೆ ಇದ್ರೂ ಹಿಂಗೇ ಅಂತೀಯ?"

"ಅದು ಹಿಡಿಯೋದು ಯಾವಾಗಾದ್ರೂ ಒಂದ್ಸಲ ಅಷ್ಟೇ," ಎಂದು ಅವನು ಜಾಗ ಖಾಲಿ ಮಾಡುತ್ತಾನೆ. ರೋಲು ಹಾಗೇ ಆರುತ್ತದೆ.

ಡೆಲ್ಫಾ ಬಂದೂಕಿನವರ ಮನೆಯಲ್ಲಿ ಹುಟ್ಟಿದವರಲ್ಲ. ನದಿಯ ಪಕ್ಕದ ಗಾಜಿನ ಕಾರ್ಖಾನೆಯಲ್ಲಿ ಲೋಟ ಆರಿಸುವ ಕೆಲಸ ಮಾಡಿದವರು. ಸದಾ ಓಡುವ ಪಟ್ಟಿಯ ಮೇಲೆ ಲೋಟಗಳು ಸಾಗಿ ಬರುತ್ತಿದ್ದವು. ಇವರು ಅಂಚಿನ ಸುತ್ತ ಹೆಬ್ಬೆರಳು ಓಡಿಸಬೇಕು, ಬಿರುಕಿದ್ದರೆ ಪಕ್ಕದ ಪೀಪಾಯಿಗೆ ಎಸೆಯಬೇಕು. "ಕಣ್ಣಿಗೆ ಕಾಣೋ ಬಿರುಕು ಯಾರಿಗಾದ್ರೂ ಸಿಗತ್ತೆ. ಕಾಣದೇ ಇರೋದು ಬೆರಳಿಗೇ ಸಿಗಬೇಕು," ಎನ್ನುತ್ತಾರೆ. ಕಾರ್ಖಾನೆ ಮುಚ್ಚಿತು, ಸಾಮಾನು ಹರಾಜಾಯಿತು. ತಾವು ಕೂತಿದ್ದ ಮರದ ಕುರ್ಚಿಯನ್ನು ತಾವೇ ಕೂಗಿ ಕೊಂಡರು. ಅದೇ ಇದು. ಆಮೇಲೆ ಹೋಬರ್ಟನ ಅಪ್ಪ ಮೊಳೆ ತೂಗಲು ಇವರನ್ನು ಇಟ್ಟುಕೊಂಡ. ಒಂದು ದಿನ ಯಾರೋ ಮಾರಲು ತಂದ ರಿವಾಲ್ವರನ್ನು ಸುಮ್ಮನೆ ಕೈಗೆತ್ತಿಕೊಂಡು, "ಇದು ಒಂದು ಕಡೆ ಅಲ್ಲಾಡ್ತದಲ್ಲ?" ಎಂದರು. ಅಂಗಡಿಯಲ್ಲಿದ್ದ ಬಂದೂಕು ರಿಪೇರಿಯವನು ಅಳತೆ ಹಿಡಿದು ನೋಡಿದ. ಅಲ್ಲಾಡುತ್ತಿತ್ತು. ಅಂದಿನಿಂದ ಮೂಲೆ ಅವರದಾಯಿತು.

ರೊವೀನಾ ರಿವಾಲ್ವರ್ ಕೊಳ್ಳಲು ಬಂದಿದ್ದು ಜಿಂಕೆ ಬೇಟೆಯ ಕಾಲ ಮುಗಿದ ಮೇಲೆ. ಬೆರಳ ಗಂಟುಗಳು ನೋಯುತ್ತವೆ, ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆ ಜಗ್ಗುವ ಶಕ್ತಿ ಇಲ್ಲ. ಹಾಗಾಗಿ ರಿವಾಲ್ವರೇ ಆಗಬೇಕು. ಮನೆ ಕಾಯಲಿಕ್ಕಲ್ಲ, ಸೊಂಟಕ್ಕೆ ಕಟ್ಟಿಕೊಳ್ಳಲಿಕ್ಕಲ್ಲ, ಶನಿವಾರ ತಟ್ಟೆ ಹೊಡೆಯಲಿಕ್ಕೆ. ಪಿಂಚಣಿಗೆ ಭಾರವಾಗಬಾರದು. ಡೆಲ್ಫಾ ಎರಡನ್ನು ಬಟ್ಟೆಯ ಮೇಲಿಟ್ಟರು. ಒಂದು ಕನ್ನಡಿಯಂತೆ ಹೊಳೆಯುವಂಥದು. ಇನ್ನೊಂದು ಬ್ಯಾಂಕಿನ ಕಾವಲುಗಾರನದು. ಮೂತಿಯ ಕಡೆ ಬಣ್ಣವೆಲ್ಲ ಹೋಗಿ ಬೆಳ್ಳಗಾಗಿತ್ತು.

"ಇದಕ್ಕೇನು ತೊನ್ನು ಹತ್ತಿದೆಯಾ?" ಎಂದು ಕೇಳಿದ್ದರು ರೊವೀನಾ.

"ತೊಗಲಿನ ಚೀಲಕ್ಕೆ ಹಾಕಿ ತೆಗೆದು, ಹಾಕಿ ತೆಗೆದು ಸವೆದಿರೋದು. ಬ್ಯಾಂಕ್ ಬಾಗಿಲಲ್ಲಿ ನಿಂತೋನು ಗುಂಡು ಯಾಕೆ ಹಾರಿಸ್ತಾನೆ? ಹೊರಗೆ ಮುದುಕಿ, ಒಳಗೆ ಹರೇದೋಳು. ಈ ಹೊಳೆಯೋದನ್ನ ನೋಡು, ಯಾರೋ ಸಿನಿಮಾದಲ್ಲಿ ಮಾಡ್ದಂಗೆ ಮಣಿಕಟ್ಟು ಝಾಡಿಸಿ ಉರುಳೆ ಮುಚ್ಚಿ ಮುಚ್ಚಿ ಅದನ್ನ ಹಿಡಿದಿರೋ ತೋಳು ಬಾಗಿಸಿದಾರೆ."

ಖಾಲಿ ಇದೆಯೇ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡಿ, ನಳಿಗೆಗೆ ದೀಪ ತೋರಿಸಿ, ಗುಂಡಿಗೆ ಬಡಿಯುವ ಹ್ಯಾಮರನ್ನು ನಿಧಾನವಾಗಿ ಹಿಂದಕ್ಕೆಳೆದು, ಗುಂಡು ಕೂರುವ ಒಂದೊಂದು ಮನೆಯೂ ಟಕ್ಕೆಂದು ಕೂರುವುದನ್ನು ರೊವೀನಾ ಅವರ ಬೆರಳಿಗೂ ಮುಟ್ಟಿಸಿದ್ದರು. ಬಣ್ಣ ಹೋದದ್ದಕ್ಕೆ ಬೆಲೆಯೂ ಇಳಿದಿತ್ತು. ರೊವೀನಾ ಕುಣಿಯುತ್ತ ಒಯ್ದಿದ್ದರು.

ಈಗ ಹಿಂಬಾಗಿಲ ಹೊರಗೆ ಟ್ರಕ್ಕಿನ ಬಾಗಿಲು ಬಡಿದುಕೊಳ್ಳುತ್ತದೆ. ರೊವೀನಾ ಟವೆಲ್ ಸುತ್ತಿದ ಪೆಟ್ಟಿಗೆಯನ್ನು ಪುಟ್ಟ ಮಗುವಿನಂತೆ ಎತ್ತಿಕೊಂಡು ಬರುತ್ತಾರೆ.

"ತಗೋ ನಿನ್ನ ಹರೇದೋಳನ್ನ. ಎರಡು ಡಬ್ಬ ಗುಂಡು ಚಂದಾಗಿ ಹಾರಿಸಿದ್ಲು. ಮೂರನೇ ಡಬ್ಬಕ್ಕೆ ಮುನಿಸ್ಕೊಂಡ್ಲು."

"ಯಾರಿಗಾದ್ರೂ ಏನಾದ್ರೂ ಸಿಡೀತಾ?"

"ಇಲ್ವೇ. ನನ್ನ ಮಾನ ಹೋಯ್ತು ಅಷ್ಟೇ."

ಡೆಲ್ಫಾ ರಿವಾಲ್ವರನ್ನು ಹೊರತೆಗೆದು ಉರುಳೆ ಬಿಚ್ಚುತ್ತಾರೆ. ಖಾಲಿ ಇದೆಯೇ ನೋಡುತ್ತಾರೆ. ಉರುಳೆಯನ್ನು ಮುಚ್ಚಲು ಹೋದರೆ ಅದು ಉಜ್ಜಿಕೊಂಡು ಒಳಹೋಗುತ್ತದೆ. ಹ್ಯಾಮರ್ ಎಳೆದರೆ ಅರ್ಧಕ್ಕೇ ನಿಲ್ಲುತ್ತದೆ. ಹೋಬರ್ಟ್ ಮೊಳೆ ಡಬ್ಬದ ಹಿಂದೆ ಇಲ್ಲದ ಕೆಲಸ ಮಾಡುತ್ತಿದ್ದಾನೆ.

ಮತ್ತೆ ಉರುಳೆ ಬಿಚ್ಚುತ್ತಾರೆ. ಖಾಲಿ ತೋಟಾಗಳನ್ನು ಹೊರತಳ್ಳುವ ನಕ್ಷತ್ರದಂಥ ಬಿಲ್ಲೆ ಹಿಂಬದಿಯಲ್ಲಿದೆ. ಕಡ್ಡಿ ಒತ್ತಿ ಅದನ್ನು ಮೇಲೆಬ್ಬಿಸಿ, ದೀಪವನ್ನು ಹತ್ತಿರಕ್ಕೆಳೆಯುತ್ತಾರೆ. ಬಿಲ್ಲೆಯ ಕೆಳಗೆ ಕಪ್ಪು ರವೆಯಂತೆ ನಾಲ್ಕಾರು ಕಾಳು. ಸುಡದೆ ಉಳಿದ ಮದ್ದು ಬಿಲ್ಲೆಯನ್ನು ಪೂರ್ತಿ ಕೂರಗೊಟ್ಟಿಲ್ಲ.

"ರೊವೀನಾ, ಖಾಲಿ ತೋಟಾ ಹೆಂಗೆ ಬೀಳಿಸ್ತೀಯ? ಮಾಡಿ ತೋರ್ಸು."

ರೊವೀನಾ ಬರಿಗೈಯಲ್ಲಿ ಅಭಿನಯಿಸುತ್ತಾರೆ. ಮೂತಿ ನೆಲಕ್ಕೆ.

"ಮೂತಿ ಆಕಾಶಕ್ಕೆ ಮಾಡ್ಬೇಕು ಕಣೇ! ಆಗ ಕಸ ಎಲ್ಲ ತೋಟಾ ಜೊತೆ ಕೆಳಗೆ ಬೀಳತ್ತೆ. ನೀನು ಬಗ್ಗಿಸಿ ಬಗ್ಗಿಸಿ ಎಲ್ಲಾನೂ ಬಿಲ್ಲೆ ಅಡಿಗೆ ತುಂಬ್ಸಿದೀಯ."

"ನೀ ಹೇಳ್ಲಿಲ್ಲವಲ್ಲೇ!"

ನಿಜ, ಡೆಲ್ಫಾ ಹೇಳಿರಲಿಲ್ಲ. ಹೊಳಪು, ಸವೆತ, ತೋಳು ಎಲ್ಲ ವಿವರಿಸಿ, ಅದೊಂದನ್ನೇ ಮರೆತಿದ್ದರು.

ಹಳೇ ಬ್ರಷ್ಷು ನಾಲ್ಕು ಸಲ ಓಡುತ್ತದೆ. ಕಾಳು ಹಸಿರು ಬಟ್ಟೆಯ ಮೇಲೆ ಉದುರುತ್ತವೆ. ಉರುಳೆ ಬೆಣ್ಣೆಯಂತೆ ಮುಚ್ಚಿಕೊಳ್ಳುತ್ತದೆ. ಡೆಲ್ಫಾ ಕಣ್ಣು ಮುಚ್ಚಿ ಹ್ಯಾಮರ್ ಎಳೆಯುತ್ತಾರೆ, ಮೊದಲು ಎಡ ಹೆಬ್ಬೆರಳಿನಿಂದ ಆರೂ ಮನೆ, ಆಮೇಲೆ ಬಲಗಡೆಯದರಿಂದ ಆರೂ ಮನೆ. ಟಕ್, ಟಕ್, ಟಕ್. ಎರಡೂ ಬೆರಳು ಒಂದೇ ಮಾತು ಹೇಳುತ್ತವೆ.

ಅವರ ಉಸಿರು ಎಷ್ಟು ದೊಡ್ಡದಾಗಿ ಹೊರಬರುತ್ತದೆಂದರೆ ಮೇಜಿನ ಮೇಲಿನ ಕಾಳು ಹಾರುತ್ತವೆ. ರೊವೀನಾಗೆ ನಗು ಬರುತ್ತದೆ. ನಗು ಇವರಿಗೂ ಅಂಟುತ್ತದೆ. ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು. ಆರಿದ ರೋಲನ್ನು ಇಬ್ಬರೂ ಮುರಿದು ತಿನ್ನುತ್ತಾರೆ.

"ಈ ಬೆರಳು ಕೈಕೊಡ್ತು ಅಂದ್ಕೊಂಡಿದ್ದೆ," ಎಂದು ಡೆಲ್ಫಾ ಮೆಲ್ಲಗೆ ಹೇಳುತ್ತಾರೆ. "ಚಳಿಗೆ ಜೋಮು ಹಿಡೀತದೆ."

"ಹಂಗಿದ್ರೆ ಕೈಗವಸು ಹೆಣೆದು ಕೊಡ್ತೀನಿ ಬಿಡು. ಹೆಬ್ಬೆರಳ ತುದಿಗೆ ತೂತು ಬಿಟ್ಟು, ಮುಟ್ಟಿ ನೋಡೋಕೆ."

ಹೊತ್ತು ಮೇಲೇರಿ ಮುಂಬಾಗಿಲು ತೆರೆದಾಗ ಡೆಲ್ಫಾ ಗಾಜಿನ ಕಪಾಟಿನಲ್ಲಿರುವ ಹಳೇ ರಿವಾಲ್ವರುಗಳಿಗೆಲ್ಲ ದಾರದಲ್ಲಿ ಒಂದೊಂದು ಹೊಸ ಹಲ್ಲುಜ್ಜುವ ಬ್ರಷ್ಷು ಕಟ್ಟುತ್ತಿದ್ದಾರೆ. ಇನ್ನು ಮುಂದೆ ಕೊಂಡವರಿಗೆಲ್ಲ ಇದು ಉಚಿತ, ಮೂತಿ ಮೇಲೆ ಮಾಡುವ ಪಾಠದ ಜೊತೆಗೆ. ಹೋಬರ್ಟ್ ಈಗ ಧೈರ್ಯ ಮಾಡಿ ಹತ್ತಿರ ಬರುತ್ತಾನೆ.

"ಹಂಗಾದ್ರೆ ಮಿಸ್ ಡೆಲ್ಫಾ, ಕುರ್ಚಿ ವಿಷಯ..."

"ಕುರ್ಚಿ ಎಲ್ಲಿಗೂ ಹೋಗಲ್ಲ."

"ಸದ್ಯ! ನಿಮಗೇನು ಬೇಕೋ ಕೇಳಿ ಇವತ್ತು."

ಡೆಲ್ಫಾ ಗಾಜಿನ ಕಾರ್ಖಾನೆಯಿಂದ ಬಂದ ಆ ಗಟ್ಟಿ ಮರದ ಮೇಲೆ ಮತ್ತೆ ಕೂತು, ದೀಪ ಸರಿಮಾಡಿಕೊಂಡು, ಮುಂದಿನ ರಿವಾಲ್ವರನ್ನು ಕೈಗೆತ್ತಿಕೊಳ್ಳುತ್ತಾರೆ. "ಇಷ್ಟು ವರ್ಷ ಕೇಳಿರ್ಲಿಲ್ಲ," ಎನ್ನುತ್ತಾರೆ, "ಇದಕ್ಕೊಂದು ದಿಂಬು ತರಿಸು. ಇನ್ನೂ ಬಹಳ ದಿನ ಕೂರೋದಿದೆ."