ಕಾಯಿ ಒಡೆದವನು

ಸೀರಿಯಲ್ ಶೂಟಿಂಗ್‌ಗೆ ಅಂತ ಬಸವೇಶ್ವರನಗರದಲ್ಲಿ ಬಾಡಿಗೆಗೆ ತಗೊಂಡಿದ್ದ ಮನೆಯ ತೇಗದ ಬಾಗಿಲಿಗೆ ನಮ್ಮವರು ನೀಲಿ ಪೇಂಟ್ ಬಳಿದುಬಿಟ್ಟಿದ್ದರು. ಶೂಟಿಂಗ್ ಮುಗಿಯಿತು, ನೀಲಿ ಉಳಿಯಿತು. ಮ್ಯಾನೇಜರ್ ಆದ ತಪ್ಪಿಗೆ ನಾನು ಮನೆಯೊಡತಿ ಜಯಮ್ಮನವರ ಕೈಗೆ ಸಿಕ್ಕಿಬಿದ್ದೆ.

“ಯುಗಾದಿಗೆ ಈ ನೀಲಿ ಬಾಗಿಲಿಗೆ ತೋರಣ ಕಟ್ಲಾ? ನಿಮ್ಮ ಯಜಮಾನ್ರು ಯಾರು? ಫೋನ್ ಹಚ್ಚಿ ಕೊಡಿ.”

ವಾರದಿಂದ ನಾನೂ ಅದನ್ನೇ ಹುಡುಕಿ ಸುಸ್ತಾಗಿದ್ದೆ. “ಅಮ್ಮಾ, ಸೀರಿಯಲ್ ಮಾಡೋದು ನಮ್ಮ ಕಂಪನಿ. ಮಾಡಿಸೋದು ಚಾನೆಲ್. ಚಾನೆಲ್ಲು ಮುಂಬೈನ ಒಂದು ಗ್ರೂಪಿಂದು. ಆ ಗ್ರೂಪು ಈಗ ಇನ್ನೊಂದು ದೊಡ್ಡ ಗ್ರೂಪಿನ ಜೊತೆ ಸೇರ್ಕೊಂಡಿದೆ. ನಿಮ್ಮ ಬಾಗಿಲು ಯಾರ ಪಾಲಿಗೆ ಬರತ್ತೆ ಅಂತ ಅವರಿಗೇ ಗೊತ್ತಿಲ್ಲ.”

ಜಯಮ್ಮ ಬಾಗಿಲ ನೀಲಿಯನ್ನು ಉಗುರಿನಿಂದ ಕೆರೆದು ನೋಡಿದರು. ಆಮೇಲೆ ಕೇಳಿದರು: “ಮೊದಲನೇ ದಿನ ಕ್ಯಾಮೆರಾಗೆ ಪೂಜೆ ಮಾಡಿದ್ರಲ್ಲ, ಕಾಯಿ ಒಡೆದಿದ್ದು ಯಾರು?”

“ನಾನೇ. ಮೇಲಿನವರು ಯಾರೂ ಬರಲಿಲ್ಲ, ಅದಕ್ಕೇ...”

“ಹಾಗಾದ್ರೆ ನೀವೇ ಯಜಮಾನ್ರು. ನಮ್ಮ ಕಡೆ ಬೇರೆಯವರು ಕಾಯಿ ಒಡೆಯಲ್ಲ.”

ಭಾನುವಾರವಿಡೀ ಕೂತು ಬಾಗಿಲು ಉಜ್ಜಿದೆ. ಜಯಮ್ಮ ಕಾಫಿ ಕೊಟ್ಟು, ಸಂದಿಯಲ್ಲಿ ಉಳಿದ ನೀಲಿಯನ್ನು ಬೆರಳು ಮಾಡಿ ತೋರಿಸುತ್ತಿದ್ದರು.

ಮೊನ್ನೆ ವಿಜಯನಗರದ ಇನ್ನೊಂದು ಮನೆಯಲ್ಲಿ ಹೊಸ ಸೀರಿಯಲ್ ಮುಹೂರ್ತ. ಮೇಲಿನವರು ಅಲ್ಲಿಗೂ ಬರಲಿಲ್ಲ. ಪೂಜಾರಿ ಕಾಯಿಯನ್ನು ನನ್ನ ಕಡೆ ಚಾಚಿದರು. ರಟ್ಟೆ ನೋವು ಅಂತ ಹೇಳಿ ಡೈರೆಕ್ಟರ್ ಕೈಗೆ ದಾಟಿಸಿದೆ.

ಅವರು ಖುಷಿಯಿಂದಲೇ ಒಡೆದರು. ಹೊರಗೆ ನಮ್ಮವರು ಆಗಲೇ ಹಸಿರು ಪೇಂಟ್ ಕಲಸುತ್ತಿದ್ದರು.