ಡಾಂಬರು ರಸ್ತೆಯ ಮೇಲೆ ನಿಂತು ‘ದಾರಿ ಇಲ್ಲ’ ಎಂದವರು

ನಮ್ಮ ಮನೆಯವರು ಹುಲಗೇಶ ಗೋವಿನಜೋಳ ಒಕ್ಕುವ ಮಷೀನು ಇಟ್ಟುಕೊಂಡು ಸುಗ್ಗಿಯಲ್ಲಿ ಊರೂರು ತಿರುಗುವವರು. ಅವರ ಮೊದಲ ಹೆಂಡತಿ ಮೊಬೈಲಿನ ಮ್ಯಾಪು. ನೆಟ್ ಇಲ್ಲದೆ ನಡೆಯುವ, ಜನರೇ ಸೇರಿ ಕಟ್ಟಿದ, ಪುಕ್ಕಟೆ ಮ್ಯಾಪು. ಅದರ ಸೆಟ್ಟಿಂಗಿನಲ್ಲಿ ತಿರುವಬಹುದಾದದ್ದನ್ನೆಲ್ಲ ತಿರುವಿದ್ದಾರೆ: ಹೊಂಡ ಕೆಂಪು, ಚಹಾದಂಗಡಿ ಹಳದಿ, ಗಾಡಿಯ ಗುರುತಿಗೆ ಎತ್ತಿನ ತಲೆ. ಮಗುವಿನ ಲಸಿಕೆ ಮರೆತಾರು, ಎತ್ತಿನ ಕೋಡಿನ ಬಣ್ಣ ಮರೆಯರು. ಅದೇ ನಕ್ಷೆಯ ಇನ್ನೊಂದು ಆ್ಯಪ್ ನನ್ನ ಫೋನಿನಲ್ಲಿದೆ. ಜಾಗ ಒತ್ತಿದರೆ ದಾರಿ ತೋರಿಸುತ್ತದೆ, ಅಷ್ಟೆ. ಅದಕ್ಕೆ ಅವರಿಟ್ಟ ಹೆಸರು ‘ಕೂಸಿನ ಆಟಿಗಿ’.

ನಿನ್ನೆ ನಾದಿನಿ ಹೇಮಾಳ ಕುಬಸ, ಅಂದರೆ ಸೀಮಂತ. ಚಿಕ್ಕೇರೂರಿನ ಆಚೆ, ಅವಳ ಗಂಡನ ಮನೆಯವರು ಹೊಲದಲ್ಲಿ ಕಟ್ಟಿದ ಹೊಸ ಮನೆ. ತವರಿನ ಬುತ್ತಿ ಬಂದು ಬಸುರಿಯ ಬಾಯಿಗೆ ಮೊದಲ ತುತ್ತು ಬೀಳುವವರೆಗೆ ಅಲ್ಲಿ ಯಾರೂ ಉಣ್ಣುವಂತಿಲ್ಲ. ಶಿಗ್ಗಾಂವದಿಂದ ಬೆಳಿಗ್ಗೆಯೇ ಜೀಪು ಹೊರಟಿತು. ಅತ್ತೆ ಮಂಜವ್ವನ ತೊಡೆಯ ಮೇಲೆ ಬುತ್ತಿ, ನನ್ನ ತೊಡೆಯ ಮೇಲೆ ಮಗು.

ಚಿಕ್ಕೇರೂರು ದಾಟಿದ್ದೇ ತಡ, ಮ್ಯಾಪಿನ ಎತ್ತು ನಮ್ಮನ್ನು ಹೊಲದ ದಾರಿಗೆ ಹಾಕಿತು, ಕೆರೆ ಸುತ್ತಿಸಿತು, ಮತ್ತೆ ಅದೇ ಚಹಾದಂಗಡಿಯ ಮುಂದೆ ತಂದು ನಿಲ್ಲಿಸಿತು. ಆಮೇಲೆ ‘ದಾರಿ ಇಲ್ಲ’ ಎಂದುಬಿಟ್ಟಿತು. ಎದುರಿಗೇ ಡಾಂಬರು ರಸ್ತೆ ಬಿದ್ದುಕೊಂಡಿತ್ತು.

“ಯಾರನರ ಕೇಳ್ರಿ,” ಅಂದೆ.

“ಹೋದ ಸುಗ್ಗಿಯೆಲ್ಲಾ ಇಲ್ಲೇ ಮಷೀನ್ ಹೊಡದೇನಿ. ನಾ ಕೇಳ್ಬೇಕಾ?”

ಅಷ್ಟರಲ್ಲಿ ಹೇಮಾಳ ಫೋನು. “ಅಣ್ಣಾ, ಎಲ್ಲಿ ಅದೀರೋ? ಹಸದು ತಲಿ ತಿರಗಾಕತ್ತೈತಿ.”

“ಆ ಎತ್ತಿಗೆ ಮೇವು ಹಾಕಿ ಕಟ್ಟೋ ಹುಲಗ್ಯಾ! ಬಸುರಿ ಹಸಕೊಂಡು ಕುಂತಾಳ,” ಎಂದು ಅತ್ತೆ ಗುಡುಗಿದರು.

ಇವರ ಫೋನು ಕಸಿದು ನೋಡಿದೆ. ಆ ರಸ್ತೆಯ ಮೇಲೆ ಹೋದ ಸುಗ್ಗಿಯಲ್ಲಿ ಇವರೇ ಹಾಕಿದ ಗುರುತು: ‘ಜೋಳ ಒಣ ಹಾಕ್ಯಾರ, ಹೋಗಬ್ಯಾಡ.’ ಸುತ್ತಲಿನ ರಸ್ತೆಗೆಲ್ಲ ಅದೇ. ಸುಗ್ಗಿಯಲ್ಲಿ ಈ ಗುರುತುಗಳೇ ನಮ್ಮ ಅನ್ನ. ಯಾರ ಜೋಳದ ಮೇಲೂ ಗಾಲಿ ಹಾಯಿಸದವನು ಎಂದೇ ಜನ ಇವರನ್ನು ಕೆಲಸಕ್ಕೆ ಕರೆಯುವುದು. ಆದರೆ ಆ ಜೋಳ ಎಂದೋ ಚೀಲ ಸೇರಿ ಪೇಟೆಗೆ ಹೋಗಿದೆ. ಇವರ ಮ್ಯಾಪಿನಲ್ಲಿ ಮಾತ್ರ ಇನ್ನೂ ಒಣಗುತ್ತಿದೆ.

“ಇವನ್ನ ತಗಿಯೂದು ಹೆಂಗ್ರಿ?”

“ಸೆಟ್ಟಿಂಗ್‌ನ್ಯಾಗ... ಎಲ್ಲ್ಯೋ ಐತಿ.”

ನಾನು ನನ್ನ ಫೋನಿನ ‘ಕೂಸಿನ ಆಟಿಗಿ’ ತೆಗೆದು, ಹೇಮಾ ಕಳಿಸಿದ್ದ ಜಾಗ ಒತ್ತಿದೆ. ನೇರ ಹೋಗು ಅಂದಿತು. ಹೋದೆವು.

ಹೇಮಾ ಅಣ್ಣನ ಕೈಯಿಂದಲೇ ಮೊದಲ ತುತ್ತು ತಿಂದಳು. ಜೊತೆಗೆ ಬೆರಳನ್ನೂ ಕಚ್ಚಿದಳು. ಪಂಗತಿಯಲ್ಲಿ ಕುಳಿತ ಇವರು ಅದೇ ಬೆರಳಿನಿಂದ ನನ್ನ ಫೋನು ತಡಕಾಡುತ್ತಿದ್ದರು.

“ಇದರಾಗ ಗಾಡಿ ಗುರುತು ಬದಲ್ ಮಾಡೂದು ಎಲ್ಲೈತಿ?”

“ಇಲ್ರಿ.”

“ಮತ್ತೇನೈತಿ ಇದರಾಗ?”

“ದಾರಿ ಐತ್ರಿ.”