ಎದುರು ಮನೆಯ ಮೂರು ಬಟ್ಟಲು

ಮುದ್ದೇಬಿಹಾಳದಲ್ಲಿ ನನಗೆ ಬಾಡಿಗೆ ಮನೆ ಸಿಕ್ಕಿದ್ದು ನನ್ನ ಮುಖದಿಂದ. ಹಾಗೆಂದು ಮಾಲೀಕರೇ ಹೇಳಿದರು.

"ನಿನ್ನ ಮಾರಿ ನೋಡಿದ್ರ ದೋಸ್ತರು ಇರೂ ಹಂಗ ಕಾಣಂಗಿಲ್ಲ. ಗದ್ದಲ ಆಗಂಗಿಲ್ಲ. ಬಾ."

ಅವರು ನಿವೃತ್ತ ಮಾಸ್ತರರು, ಮುಖ ನೋಡಿಯೇ ಮಾರ್ಕು ಹಾಕಿ ರೂಢಿ. ಮನೆಯಲ್ಲಿ ಮಂದಿ ಕೂಡಿಸಬಾರದು ಎಂದು ಷರತ್ತನ್ನೂ ಹಾಕಿದರು. ಆ ಷರತ್ತನ್ನು ನನ್ನಷ್ಟು ಚೊಕ್ಕವಾಗಿ ಪಾಲಿಸಿದ ಬಾಡಿಗೆದಾರ ಇಡೀ ಬಡಾವಣೆಯಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಮೊದಲನೇ ಮಹಡಿ. ಒಂದು ಹಾಲ್, ಒಂದು ಬೆಡ್‌ರೂಮ್, ಒಂದು ಅಡುಗೆಮನೆ. ಯಂಕಂಚಿಯ ನಮ್ಮ ಮನೆಯಲ್ಲಿ ಒಂದೇ ಪಡಸಾಲೆಯಲ್ಲಿ ಏಳು ಜನ ಮಲಗುತ್ತಿದ್ದೆವು. ಬೆಳಿಗ್ಗೆ ಎದ್ದು ಯಾವ ಕಾಲು ಯಾರದೆಂದು ಹುಡುಕಿಕೊಳ್ಳಬೇಕಿತ್ತು. ಇಲ್ಲಿ ಎರಡೂ ಕಾಲು ನನ್ನವೇ. ಮೊದಲ ವಾರ ಹಾಲ್‌ನಲ್ಲಿ ಉಂಡು, ಬೆಡ್‌ರೂಮಿನಲ್ಲಿ ಕೈ ಒರೆಸಿಕೊಂಡು, ಅಡುಗೆಮನೆಯಲ್ಲಿ ನಿಂತು ಫೋನ್ ನೋಡುತ್ತಿದ್ದೆ, ಯಾವ ಕೋಣೆಗೂ ಬೇಜಾರಾಗಬಾರದೆಂದು.

ಕೆಲಸ ರಕ್ತ, ಮೂತ್ರ ಪರೀಕ್ಷೆ ಮಾಡುವ ಒಂದು ಸಣ್ಣ ಲ್ಯಾಬಿನಲ್ಲಿ. ದಿನವಿಡೀ ಮಂದಿಗೆ ಖಾಲಿ ಡಬ್ಬಿ ಕೊಟ್ಟು "ತುಂಬಿಸಿಕೊಂಡು ಬರ್ರಿ" ಎನ್ನುವುದು, ಆಮೇಲೆ "ಮುಂದಿನವರು ಬರ್ರಿ" ಎನ್ನುವುದು. ಅದರಾಚೆ ನಾನು ಮಾತಾಡುತ್ತಿದ್ದುದು ಒಬ್ಬರ ಜೊತೆ ಮಾತ್ರ, ಅದೇ ಮಹಡಿಯ ಎದುರು ಮನೆಯ ಕಾಕು.

ಕಾಕುವಿಗೆ ಐವತ್ತರ ಆಸುಪಾಸು. ಗಂಡ ಬಸ್ ಡ್ರೈವರ್, ವಾರದಲ್ಲಿ ನಾಲ್ಕು ದಿನ ಊರಾಚೆ. ನಾನು ಬಂದ ಮೂರನೇ ಸಂಜೆ ಬಾಗಿಲು ಬಡಿದರು. ಕೈಯಲ್ಲಿ ಸ್ಟೀಲ್ ಬಟ್ಟಲು, ಅದರ ತುಂಬ ಎಣ್ಣೆಗಾಯಿ.

"ಇವತ್ತ ಏನ್ ಉಂಡಿ?"

"ಅನ್ನ, ಉಪ್ಪಿನಕಾಯಿರಿ."

"ನಿನ್ನೆ?"

"ಉಪ್ಪಿನಕಾಯಿ, ಅನ್ನರಿ."

"ಭಾಳ ನಮೂನಿ ಮಾಡ್ತೀ ಬಿಡು. ಹಿಡಿ ಇದನ್ನ. ಬಟ್ಟಲಾ ಅವಸರಿಲ್ಲ."

ಆ ಬದನೆಕಾಯಿ ತಿನ್ನುವಾಗ ಕಣ್ಣಲ್ಲಿ ನೀರು ಬಂತು. ಖಾರ ಜಾಸ್ತಿಯಾಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ಬಟ್ಟಲು ತೊಳೆದು ವಾಪಸು ಕೊಡಲು ಹೊರಟವನು ಅವ್ವನಿಗೊಂದು ಫೋನ್ ಮಾಡಿದೆ. ಅದೇ ತಪ್ಪಾಯಿತು.

"ಖಾಲಿ ಬಟ್ಟಲಾ ಕೊಟ್ಟಗಿಟ್ಟಿ ಮತ್ತ! ನಮ್ಮ ಮನ್ಯಾಗ ಯಾರರೆ ಹಂಗ ಕೊಟ್ಟಾರೇನು? ಒಂದು ಚಮಚ ಸಕ್ರಿ ಹಾಕಿ ಕೊಡು."

ತುಂಬಿ ಬಂದ ಪಾತ್ರೆಯನ್ನು ನಮ್ಮ ಕಡೆ ಬರಿದಾಗಿ ಹಿಂದಿರುಗಿಸುವುದಿಲ್ಲ. ಹಿಡಿ ಜೋಳ ಹಾಕಿದರೂ ನಡೆಯುತ್ತದೆ. ಆದರೆ ನನಗೆ ಜಂಭ. ಅಂಥ ಎಣ್ಣೆಗಾಯಿಗೆ ಒಂದು ಚಮಚ ಸಕ್ಕರೆಯೇ? ಶೇಂಗಾ ಉಂಡಿ ಮಾಡಿಕೊಟ್ಟು ಕಾಕುವನ್ನು ಬೆರಗುಗೊಳಿಸಬೇಕೆಂದು ತೀರ್ಮಾನಿಸಿದೆ. ಅಡುಗೆಯಲ್ಲಿ ನನ್ನ ಅನುಭವ ನೀರು ಕಾಯಿಸುವವರೆಗೆ. ಅದನ್ನೂ ಒಮ್ಮೆ ಹೊತ್ತಿಸಿದ್ದೆ.

ಮೊದಲ ಸಲ ಶೇಂಗಾ ಹುರಿಯಲು ಹೋಗಿ ಇದ್ದಿಲು ಮಾಡಿದೆ. ಎರಡನೇ ಸಲ ಬೆಲ್ಲದ ಪಾಕ ನೀರಾಗಿ, ಉಂಡಿ ಕಟ್ಟಲು ಬಾರದೆ, ನಾಲ್ಕು ದಿನ ಅದನ್ನು ಚಮಚದಲ್ಲಿ ತಿಂದೆ. ಅಷ್ಟರಲ್ಲಿ ಎರಡನೇ ಬಟ್ಟಲು ಬಂತು, ಬಿಸಿ ರೊಟ್ಟಿಗೆ ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದ ಮುಟಗಿ. ಮೂರನೆಯದೂ ಬಂತು, ಕಡಲೆಹಿಟ್ಟಿನ ಝುಣಕ. ಒಂದೂ ಹಿಂದೆ ಹೋಗಲಿಲ್ಲ.

ನಾಚಿಕೆ ಶುರುವಾಯಿತು. ಬಾಗಿಲ ತೂತಿನಲ್ಲಿ ಕಣ್ಣಿಟ್ಟು, ಕಾಕು ಒಳಗೆ ಹೋದ ಮೇಲೆ ಕಳ್ಳನಂತೆ ಮೆಟ್ಟಿಲಿಳಿಯತೊಡಗಿದೆ. ಅವರು ಮೆಂತ್ಯೆ ಸೊಪ್ಪು ಮಾರುವವಳ ಜೊತೆ ಚೌಕಾಸಿಗೆ ನಿಂತ ಒಂದು ಬೆಳಿಗ್ಗೆ, ಬೂಟು ಹಾಕಿಕೊಂಡು ಬಾಗಿಲ ಹಿಂದೆ ಅರ್ಧ ಗಂಟೆ ನಿಂತು ಲ್ಯಾಬಿಗೆ ತಡವಾಗಿ ಹೋದೆ. ಒಂದು ಸಂಜೆ ಅವರು ಬಾಗಿಲು ಬಡಿದರು. ನಾನು ಫ್ಯಾನ್ ಆರಿಸಿ, ಉಸಿರು ಹಿಡಿದು ಕೂತೆ. "ಇನ್ನೂ ಬಂದಿಲ್ಲೇನೋ ಹುಡುಗ" ಎಂದು ತಮಗೆ ತಾವೇ ಹೇಳಿಕೊಂಡು ಹೋದರು.

ಆಮೇಲೆ ಯಾರೂ ಬಡಿಯಲಿಲ್ಲ. ಬಾಗಿಲು ತೆರೆಯದವನೂ ನಾನೇ, ಯಾರೂ ಬರಲಿಲ್ಲವೆಂದು ಕೊರಗುವವನೂ ನಾನೇ. ಒಂದು ಭಾನುವಾರ ಸಂಜೆ ಲಕ್ಷ್ಯಕ್ಕೆ ಬಂತು, ಶನಿವಾರದಿಂದ ಒಂದು ಮಾತೂ ಆಡಿಲ್ಲ. ಗಂಟಲು ಸರಿಯಿದೆಯೋ ಇಲ್ಲವೋ ನೋಡೋಣವೆಂದು "ಮುಂದಿನವರು ಬರ್ರಿ" ಎಂದು ಜೋರಾಗಿ ಕೂಗಿದೆ. ಹಾಲ್‌ನಿಂದ ಯಾರೂ ಬರಲಿಲ್ಲ.

ಮುಂದಿನ ವಾರವೆಲ್ಲ ಎದುರು ಮನೆಯಿಂದ ಪಾತ್ರೆ ಸದ್ದು. ಕಾಕು ತಮ್ಮ ಮೂರು ಬಟ್ಟಲು ಹುಡುಕುತ್ತಿದ್ದಾರೆ, ನಾನು ಬಟ್ಟಲುಗಳ್ಳ ಎಂಬುದು ಖಾತ್ರಿಯಾಗಿದೆ ಎಂದುಕೊಂಡೆ. ಭಾನುವಾರ ಎದ್ದವನೇ ಮೂರನೇ ಸಲ ಬೆಲ್ಲ ಕರಗಿಸಿದೆ. ಉಂಡಿಗಳು ಗುಂಡಗೇನೋ ಆದವು. ಮೂರೂ ಬಟ್ಟಲಿಗೆ ತುಂಬಿ ಎದುರಿನ ಬಾಗಿಲಿಗೆ ಹೋದರೆ ಅದು ತೆರೆದೇ ಇತ್ತು. ಒಳಗೆ ಹಾಲ್ ಖಾಲಿ. ಪಾತ್ರೆಗಳೆಲ್ಲ ಗೋಣಿಚೀಲದಲ್ಲಿ. ಕೆಳಗೆ ಟೆಂಪೋ ನಿಂತಿತ್ತು.

"ಎಲ್ಲಿಗ್ರಿ ಕಾಕು?"

"ಇಂಡಿಗೆ. ನಿಮ್ಮ ಕಾಕಾಗ ಅಲ್ಲಿಗೆ ವರ್ಗ ಆತು. ಹೇಳಾಕಂತ ಬಂದಿದ್ದೆ, ನೀ ಬಾಗಲಾ ತಗೀಲಿಲ್ಲ."

"ಬಟ್ಟಲಾ ಖಾಲಿ ಹೆಂಗ ಕೊಡೂದಂತ..."

"ಅದಕ್ಕ ಒಂದೂವರಿ ತಿಂಗಳೇನೋ? ನಾ ಮಾಡಿದ್ದು ನಿನಗ ಸೇರವಲ್ದು ಅಂತ ತಿಳಕೊಂಡಿದ್ದೆ. ಒಬ್ಬಾಕಿ ಸಲುವಾಗಿ ಒಲಿ ಹಚ್ಚಾಕ ಬ್ಯಾಸರಂತ ನಿನ್ನನ್ನೂ ಸೇರಿಸಿ ಮಾಡ್ತಿದ್ದೆ. ಆಮ್ಯಾಲೆ ನಾನೂ ಉಪ್ಪಿನಕಾಯಿ ಮ್ಯಾಲೇ ಬಂದೆ."

ಒಂದು ಉಂಡಿ ಬಾಯಿಗಿಟ್ಟರು. ಕಟ್ ಎಂದಿತು. ತೆಗೆದು, ಹಲ್ಲು ಮುಟ್ಟಿ ನೋಡಿಕೊಂಡರು.

"ತಮ್ಮಾ, ಇದನ್ನ ಗಾಲಿ ಕೆಳಗ ಇಟ್ರ ಟೆಂಪೋ ಜರಗಂಗಿಲ್ಲ. ಪಾಕ ಭಾಳ ಏರಿಸೀದಿ. ಒಂದು ಮಾತು ಕರದಿದ್ರ ನಾನ ಬಂದು ತೋರಸ್ತಿದ್ದೆ."

ಕರೆಯಬಹುದೆಂಬುದು ನನಗೆ ಹೊಳೆದೇ ಇರಲಿಲ್ಲ.

"ಹುರದ ಶೇಂಗಾ ಉಳದಾವೇನು? ನಡಿ. ನನ್ನ ಒಲಿ ಕೆಳಗಿಳದು ಹೋತು, ನಿಂದು ಐತೆಲ್ಲ."

ನಾನು ಬಾಡಿಗೆಗೆ ಬಂದ ಮೇಲೆ ನನ್ನ ಮನೆಯೊಳಗೆ ಕಾಲಿಟ್ಟ ಮೊದಲ ಮನುಷ್ಯರು ಅವರೇ. ನನ್ನ ಅಡುಗೆಮನೆ ನೋಡಿ "ಅಯ್ಯ ನನ ಶಿವನೆ" ಎಂದರು, ಅಷ್ಟೇ. ಉರಿ ಸಣ್ಣ ಮಾಡಿ ಬೆಲ್ಲ ಕರಗಿಸಿದರು. ಲೋಟದ ನೀರಿಗೆ ಒಂದು ಹನಿ ಪಾಕ ಬಿಟ್ಟು, ನನ್ನ ಬೆರಳು ಹಿಡಿದು ಅದನ್ನು ಮುಟ್ಟಿಸಿದರು. ಮೆತ್ತಗಿತ್ತು.

"ಇದು. ಇಷ್ಟ. ಇದಕ್ಕಿಂತ ಮುಂದ ಹೋಗಬ್ಯಾಡ."

ಕೆಳಗೆ ಹಾರ್ನ್. ಕಾಕಾನ ದನಿ: "ಏ, ಬರ್ತೀಯೋ, ಇಲ್ಲಾ ಬಾಡಿಗಿ ಆ ಹುಡುಗಗ ಕೊಟ್ಟು ಇಲ್ಲೇ ಇರ್ತೀಯೋ?"

"ಬಂದೆ! ಜೀಂವಾ ತಿನ್ನಬ್ಯಾಡ್ರಿ."

ಶೇಂಗಾ ಸುರುವಿ ಒಂದು ಸುತ್ತು ತಿರುವಿದರು. "ಬಿಸಿ ಇದ್ದಾಗ ಕಟ್ಟು. ಕೈ ಸುಡತೈತಿ, ಸುಡ್ಲಿ. ಆರಿದ್ರ ಕೂಡಂಗಿಲ್ಲ." ನನ್ನ ಕಲ್ಲುಂಡಿ ತುಂಬಿದ ಮೂರೂ ಬಟ್ಟಲನ್ನು ಒಂದರ ಮೇಲೊಂದು ಇಟ್ಟು ಎದೆಗವಚಿಕೊಂಡರು. "ಇವನ್ನ ಒಯ್ತೇನಿ. ಇಂಡ್ಯಾಗ ಕುಟ್ಟಿ ಪುಡಿ ಮಾಡ್ಕೋತೇನಿ."

ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು. ಟೆಂಪೋ ಶುರುವಾಯಿತು. ಹಾಲ್‌ನ ಕಿಟಕಿಗೆ ಹೋಗಿ ಕೈಯಾದರೂ ಬೀಸಬಹುದಿತ್ತು. ಆದರೆ ಪಾಕ ಆರತೊಡಗಿತ್ತು, ಅಂಗೈ ತುಂಬ ಬೆಲ್ಲ. ಟೆಂಪೋ ತಿರುವು ದಾಟುವವರೆಗೂ ಅಡುಗೆಮನೆಯಲ್ಲೇ ನಿಂತು, ಒಂದಾದ ಮೇಲೊಂದು ಉಂಡಿ ಕಟ್ಟಿದೆ. ಒಂದೂ ಒಡೆಯಲಿಲ್ಲ.